ಅಟ್ಟದ ಕಾಯಿಯ ಸದ್ದು

ಗೊಟಕ್, ಗೊಟಕ್. ನನ್ನ ತಂಗಿ ಗೌರಿ ಅಟ್ಟದ ಮೇಲೆ ಒಂದೊಂದೇ ತೆಂಗಿನಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ ಸದ್ದು ಅದು. ಗೌರಿ ಈಗಿಲ್ಲ. ಆದರೆ ನಿನ್ನೆ ಅವಳ ಊರು ಯಗಟಿಯಿಂದ ಕಡೂರಿನ ನನ್ನ ಮನೆಗೆ ಒಂದು ಚೀಲ ಒಣಗಿದ ಕಾಯಿ ಬಂತು. ಇಳಿಸುವಾಗ ಅದೇ ಗೊಟಕ್. ಕೈಯಲ್ಲಿದ್ದ ಟೀ ಹಾಗೇ ಆರಿಹೋಯಿತು.

ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಮರೆತುಬಿಡುತ್ತಾರೆ, ನಿಮಗೆ ಗೊತ್ತಿರಬಹುದು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಒಳಗೆ ತಾನಾಗಿ ಸದ್ದು ಮಾಡುವ ತನಕ ಯಾರೂ ಒಡೆಯುವುದಿಲ್ಲ. ಕಾನ್ವೆಂಟಿನಲ್ಲಿ ಬೆಳೆದ ನನಗೆ ಈ ವಿದ್ಯೆ ಅಷ್ಟಕ್ಕಷ್ಟೆ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಅಲ್ಲಾಡಿಸಿದರೂ ನಮ್ಮ ಸಿಸ್ಟರ್, "ಲೇಡೀಸ್ ಡೋಂಟ್ ರ‍್ಯಾಟಲ್ ಥಿಂಗ್ಸ್" ಎನ್ನುತ್ತಿದ್ದರು.

ಗೌರಿಯ ಮಗ ಶಿವು ಕಂಟೆಂಪರರಿ ಡ್ಯಾನ್ಸರ್. ಅವನೂ ತರೀಕೆರೆಯ ಸುಧೀರನೂ ಅಜ್ಜಂಪುರದ ಸಮುದಾಯ ಭವನದಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡಿದ್ದರು. ಅದಕ್ಕೆ ಮೊದಲು ಒಂದು ದಿನ ಶಿವು ನನ್ನ ಮುಂದೆ ಬಂದು ಕೂತ.

"ದೊಡ್ಡಮ್ಮ, ನಾನೂ ಸುಧೀರನೂ ಬರೀ ಫ್ರೆಂಡ್ಸ್ ಅಲ್ಲ. ಜೊತೇಲಿ ಬಾಳ್ಬೇಕು ಅಂತಿದೀವಿ. ಅಮ್ಮಂಗೆ ಬಾಯಿಬಿಟ್ಟು ಹೇಳಕ್ಕಾಗ್ತಿಲ್ಲ, ಅದಕ್ಕೇ ಕುಣಿದು ತೋರಿಸ್ತೀವಿ. ನೀನು ಓದಿರೋಳು, ಮೊದ್ಲೇ ಸ್ವಲ್ಪ ಪ್ರಿಪೇರ್ ಮಾಡು. ಅಮ್ಮ ಬೇಡ ಅಂದ್ಬಿಟ್ರೆ ನಾನು ಯಗಟಿಗೆ ಕಾಲಿಡಲ್ಲ."

ಕಡೂರಿನಿಂದ ಅಜ್ಜಂಪುರದವರೆಗೂ ಬಸ್ಸಿನಲ್ಲಿ ಪ್ರಿಪೇರ್ ಮಾಡಿದೆ.

"ಕಂಟೆಂಪರರಿ ಅಂದ್ರೆ ಈಗಿನ ಕಾಲದ್ದು ಕಣೇ."

"ಈಗಿನ ಕಾಲದ್ದು ಅಂದ್ರೆ ಅಂಗಿ ಹಾಕ್ಕಳಲ್ವೇನೇ ಅಕ್ಕಾ?"

"ಅದು... ಸೆಲ್ಫ್ ಎಕ್ಸ್‌ಪ್ರೆಶನ್ನು."

"ಏನಾರ ಆಗ್ಲಿ, ಶೀತ ಆಗ್ದಿದ್ರೆ ಸಾಕು."

ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಪ್ರೈಜ್ ತೆಗೆದುಕೊಂಡಿದ್ದ ನಾನು ಮುಖ್ಯ ಮಾತು ಬಿಟ್ಟು ಕಿಟಕಿಯ ಗಾಜು ಎಳೆದೆ.

ವೇದಿಕೆಯ ತುಂಬ ಅಟ್ಟದ ಕಾಯಿ ಹರಡಿತ್ತು. ಹಾಡಿಲ್ಲ, ತಾಳವಿಲ್ಲ. ಇಬ್ಬರೂ ಕಾಯಿಗಳ ನಡುವೆ ಉರುಳಿ, ಎದ್ದು, ಒಬ್ಬರ ಕಿವಿಗೆ ಇನ್ನೊಬ್ಬರು ಕಾಯಿ ಹಿಡಿದು ನಿಧಾನವಾಗಿ ಅಲ್ಲಾಡಿಸಿದರು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಕೂಗಿದರು: "ಲೇ, ಎಡಗಡೆಯವನ ಕೈಲಿರೋದು ಹಸಿ ಕಣೋ! ನೀರಿನ ಸದ್ದು!"

ತೆಂಗು ಬೆಳೆಯುವವರ ಮುಂದೆ ಕಾಯಿ ಇಟ್ಟರೆ ಇನ್ನೇನಾಗುತ್ತದೆ? ಮುಂದಿನ ಸಾಲಿನ ಯಜಮಾನರು ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಪರೀಕ್ಷೆ ಶುರುಮಾಡಿದರು. ಅವರ ಹಿಂದೆ ಇನ್ನೂ ನಾಲ್ಕು ಜನ. ಶಿವು ಕುಣಿತ ನಿಲ್ಲಿಸಲಿಲ್ಲ. ಅವರ ಕಿವಿಗೂ ಒಂದೊಂದು ಕಾಯಿ ಹಿಡಿಯುತ್ತಾ ಸಾಗಿದ. ಆಗ ಗೌರಿಯೂ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಮಗನ ಕೆನ್ನೆಗೆ ಬಿತ್ತು ಅಂದುಕೊಂಡೆ. ಅವಳು ಸುಧೀರನ ಕೈಯಿಂದ ಕಾಯಿ ಕಿತ್ತುಕೊಂಡು ಆಲಿಸಿದಳು.

"ಇದನ್ನ ಆರ್ಸಿದ್ದು ಯಾರೋ?"

"ನಾನೇ ಅಮ್ಮಾ," ಎಂದ ಸುಧೀರ.

"ಏನೂ ಬರಲ್ಲ ನಿಂಗೆ. ಮನೆಗ್ ಬಾ, ಹೇಳ್ಕೊಡ್ತೀನಿ."

ಶಿವು ಏದುಸಿರು ಬಿಡುತ್ತಾ ಕೇಳಿದ: "ಅಮ್ಮಾ, ನಿಂಗೆ ಅರ್ಥ ಆಯ್ತಾ?"

"ನಿನ್ ಸದ್ದು ನಂಗೆ ನೀನು ಹೈಸ್ಕೂಲಲ್ಲಿದ್ದಾಗ್ಲೇ ಕೇಳ್ಸಿತ್ತು ಕಣೋ. ನೀನಾಗೇ ಹೇಳ್ಲಿ ಅಂತ ಅಟ್ಟದಲ್ಲೇ ಬಿಟ್ಟಿದ್ದೆ."

ಜನ ಅದನ್ನೂ ನಾಟಕದ ಮಾತೆಂದು ಚಪ್ಪಾಳೆ ತಟ್ಟಿದರು.

ಈಗ ಯಗಟಿಯ ಆ ಅಟ್ಟ ನೋಡಿಕೊಳ್ಳುವವರು ಶಿವು, ಸುಧೀರ ಇಬ್ಬರೇ. ಚೀಲ ಕಳಿಸಿದ್ದೂ ಅವರೇ. ನಿನ್ನೆ ಒಂದು ಕಾಯನ್ನು ನಾನೂ ಕಿವಿಗೆ ಹಿಡಿದು ಚೆನ್ನಾಗಿ ಅಲ್ಲಾಡಿಸಿದೆ. ಸಿಸ್ಟರ್ ಕ್ಷಮಿಸಲಿ.

ಗೌರಿಯನ್ನು ಕೊನೆಯ ಸಲ ನೋಡಿದ್ದು ಆ ಪ್ರದರ್ಶನದ ಸಂಜೆಯೇ, ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ. ಯಗಟಿ ಬಸ್ಸು ಹೊರಡುವ ಮುಂಚೆ ಎದುರಿನ ಅಂಗಡಿಗೆ ಓಡಿ ಎಲೆ, ಅಡಿಕೆ, ಕೊಬ್ಬರಿ ಗಿಟುಕು ತಂದಳು. ಸುಧೀರ ಬೆವರೊರೆಸಿಕೊಂಡಿದ್ದ ಟವೆಲ್ಲನ್ನೇ ಅವನಿಂದ ಒಡ್ಡಿಸಿ, ಮದುವೆಯಾದ ಹುಡುಗಿಗೆ ಮಡಿಲು ತುಂಬುವ ಹಾಗೆ ಎಲ್ಲವನ್ನೂ ಅದಕ್ಕೆ ಸುರಿದಳು. ಅವನು ಅಳುತ್ತಿದ್ದ, ಶಿವು ನಗುತ್ತಿದ್ದ.

"ಗಂಡುಹುಡುಗನಿಗೆ ಮಡಿಲು ತುಂಬೋದು ಯಾವ ಸೀಮೇಲಿದ್ಯೇ ಗೌರಿ?" ಎಂದೆ.

ಮೂವರೂ ಹತ್ತಿದರು, ಬಸ್ಸು ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಕಂಟೆಂಪರರಿ ಕಣೇ ಅಕ್ಕಾ!"