ಸ್ಕಾಟ್ ಕುಟುಂಬದ ಕಲ್ಲುಮನೆ ಮತ್ತು ಕಾಕಾ ಬರೆದ ವರದಿ

ಕಾಕಾರ ಬಲಗೈ ಗೆಣ್ಣುಗಳು ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದ್ದವು. ಗೋಡೆ ತಟ್ಟಿ ತಟ್ಟಿ ಹಾಗಾದ ಕೈ. ಧಾರವಾಡದವರು, ನನಗೆ ನೆಂಟರಲ್ಲ, ಎಲ್ಲರೂ ಕರೆಯುತ್ತಿದ್ದದ್ದೇ ಕಾಕಾ ಎಂದು. ಟೊರಾಂಟೊ ಸುತ್ತ ಮಾರಾಟಕ್ಕಿರುವ ಮನೆಗಳನ್ನು ಪರೀಕ್ಷಿಸಿ ವರದಿ ಬರೆಯುವುದು ಅವರ ಕೆಲಸ. ಉಡುಪಿ ಕಡೆಯವಳಾದ ನಾನು ಬ್ರ್ಯಾಂಪ್ಟನ್ನಿನ ವೇರ್‌ಹೌಸಿನ ಕೆಲಸ ಬಿಟ್ಟು, ನಲವತ್ತರ ಹತ್ತಿರ, ಅವರ ಬಳಿ ಈ ವಿದ್ಯೆ ಕಲಿತೆ. “ಮೊದ್ಲ ಕೈಲೆ ನೋಡು, ಆಮ್ಯಾಲೆ ಕಣ್ಣೀಲೆ” ಎನ್ನುತ್ತಿದ್ದರು.

ಟೊರಾಂಟೊದ ಉತ್ತರಕ್ಕೆ, ಅರೋರಾ ಊರಿನ ಆಚೆ, ಸ್ಕಾಟ್ಲೆಂಡಿನಿಂದ ಬಂದ ಕುಟುಂಬವೊಂದು ಹಿಂದೆ ಕಟ್ಟಿಸಿದ ದೊಡ್ಡ ಕಲ್ಲುಮನೆ ಮಾರಾಟಕ್ಕೆ ಬಂತು. ಬಾಗಿಲ ಮೇಲೆ ಅವರ ನಾಡಿನ ಗುರುತಾದ ಮುಳ್ಳುಹೂವಿನ ಕೆತ್ತನೆ. ಊರಿನ ಮೊದಲ ಶಾಲೆ ನಡೆದದ್ದು ಅದರ ಅಡುಗೆಮನೆಯಲ್ಲಂತೆ. ಪಾರಂಪರಿಕ ಕಟ್ಟಡವಾದ್ದರಿಂದ ಕೆಡವುವುದು ಸುಲಭವಿರಲಿಲ್ಲ. ಅಪಾಯಕಾರಿ ಎಂದು ವರದಿಯಾದರೆ ಮಾತ್ರ ದಾರಿಯಿತ್ತು. ಕೊಳ್ಳಲು ಬಂದ ಬಿಲ್ಡರನಿಗೆ ಬೇಕಿದ್ದದ್ದು ಖಾಲಿ ಜಾಗ.

ಮಾರಾಟದ ಏಜೆಂಟು ಬೆಂಗಳೂರಿನವನು. ನಮ್ಮ ಅರ್ಧ ಕೆಲಸ ಅವನಿಂದಲೇ ಬರುತ್ತಿತ್ತು. “ಸರ್, ಈಸ್ಟ್ ವಾಲ್ ಕ್ರ್ಯಾಕ್ ಆಗಿದೆ. ಅನ್‌ಸೇಫ್ ಅಂತ ಒಂದು ಲೈನ್ ಬರೀರಿ, ಸಾಕು. ನಾವು ನಾವೇ ಅಲ್ವಾ?”

ಕಾಕಾ ಗೆಣ್ಣಿನಿಂದ ಗೋಡೆ ತಟ್ಟಿದರು. ಬಿರುಕಿನ ಮೇಲೆ ಅಂಗೈಯಿಟ್ಟು ಸವರಿದರು. ಆಮೇಲೆ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದರು. ನಾನು ಹಿಂದೆಯೇ ಹೋದೆ. ಅರ್ಧ ಮೆಟ್ಟಿಲಿಗೆ ಬಂದಾಗ ತಲೆಯ ಮೇಲೆ ಏನೋ ಕಿರ್ರೆಂದಿತು.

“ಅಲ್ಲೇ ನಿಂದ್ರು” ಎಂದರು.

ತೊಲೆ ಬಾಗಿತ್ತು. ಅದನ್ನು ಹೊರಬೇಕಿದ್ದ ಮರದ ಕಂಬವಿರಲಿಲ್ಲ, ನೆಲದಲ್ಲಿ ಗೇಣುದ್ದದ ಮೋಟು ಮಾತ್ರ ಉಳಿದಿತ್ತು. ಸುತ್ತ ಗರಗಸದಿಂದ ಉದುರಿದ ಹೊಸ ಪುಡಿ.

“ಇದು ಮುಪ್ಪಾಗಿ ಬಿದ್ದದ್ದಲ್ಲ. ಯಾರೋ ಕೊಯ್ದಾರ.”

“ಸರ್, ಮುಗೀತಾ?” ಏಜೆಂಟಿನ ಬೂಟು ನಮ್ಮ ನೆತ್ತಿಯ ಮೇಲೇ ಓಡಾಡಿತು. ಮಣ್ಣು ಉದುರಿತು. ತೊಲೆ ಮತ್ತೊಮ್ಮೆ ನರಳಿತು.

“ಮನಿ ಹೊರಗ ಹೋಗ್ರಿ, ಗ್ವಾಡಿ ಹಿಡಕೊಂಡು” ಎಂದು ಕಾಕಾ ಕೂಗಿ ಹೇಳಿದರು. ನನಗೆ ಮೆಲ್ಲಗೆ, “ವ್ಯಾನಿನ್ಯಾಗ ಎರಡು ಜಾಕ್ ಅದಾವ. ತಾ.”

ತಂದು ಮೆಟ್ಟಿಲಿಂದ ಕೆಳಗಿಳಿಸಿದೆ. ಕಾಕಾ ಹತ್ತಿರ ಬರಲು ಬಿಡಲಿಲ್ಲ. ತೊಲೆಗೆ ಆನಿಸಿ ನಿಲ್ಲಿಸಿದ ಜಾಕನ್ನು ಕಾಲು ಸುತ್ತು ತಿರುಗಿಸುವುದು, ಕಿವಿಗೊಡುವುದು, ಮತ್ತೆ ಕಾಲು ಸುತ್ತು. ಸದ್ದು ನಿಂತಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಅಂಗಳದಲ್ಲಿ ಏಜೆಂಟು ಬಿಳಿಚಿಕೊಂಡಿದ್ದ. ಆದರೂ ಕೇಳಿದ, “ಈಗಂತೂ ಅನ್‌ಸೇಫ್ ಅಲ್ವಾ ಸರ್?”

“ಗ್ವಾಡಿ ಗಟ್ಟಿ ಅದ. ಕಂಬ ಕೊಯ್ದಾರ, ಹೊಸಾದು ನಿಲ್ಲಿಸಿದ್ರ ಸಾಕು. ಎರಡೂ ಬರೀತೀನಿ.”

“ಮುಂದೆ ನಿಮಗೆ ಕೆಲಸ ಕಷ್ಟ ಆಗುತ್ತೆ.”

“ಗೊತ್ತದ.”

ಹಾಗೆಯೇ ಆಯಿತು. ಒಂದು ಇಡೀ ಚಳಿಗಾಲ ದೂರದ ಒಶಾವಾದವರೆಗೂ ಹೋಗಿ ಸಣ್ಣಪುಟ್ಟ ಮನೆಗಳನ್ನು ನೋಡಿದೆವು. ಬಿಲ್ಡರ್ ಹಿಂದೆ ಸರಿದ. ಕಲ್ಲುಮನೆಯನ್ನು ಬೇರೊಂದು ಕುಟುಂಬ ಕೊಂಡು, ಕಂಬ ನಿಲ್ಲಿಸಿ, ಈಗ ಅಲ್ಲಿ ವಾಸವಾಗಿದೆ.

ಕಾಕಾ ಹೋದ ವರ್ಷ ತೀರಿಕೊಂಡರು. ವರದಿಗಳಿಗೆ ಈಗ ನಾನೇ ಸಹಿ ಹಾಕುತ್ತೇನೆ. ಕೊನೆಯ ವಾರ ಆಸ್ಪತ್ರೆಯಲ್ಲಿ ಕೇಳಿದ್ದೆ, “ಅವತ್ತು ಕೆಳಗೆ ನಿಮಗೆ ಹೆದರಿಕೆ ಆಗ್ಲಿಲ್ವಾ?”

“ಕೆಳಗಲ್ಲ, ಅಂಗಳದಾಗ ಆಗಿತ್ತು” ಎಂದರು. “ಆ ಏಜೆಂಟಗ ಹೂಂ ಅಂತ ಬಾಯಿತನಕ ಬಂದಿತ್ತು. ನೀ ಬಾಜೂಕ ನಿಂತಿದ್ದಿ. ಅದನ್ನೂ ಕಲತುಬಿಡ್ತಿದ್ದಿ.”