ಕೆಂಜಿಗ ಮತ್ತು ಕಡ್ಡಿಹುಳು

ರಸೆಲ್ ಮಾರುಕಟ್ಟೆಯಲ್ಲಿ ತೋರಣಕ್ಕೆಂದು ಕೊಂಡ ಮಾವಿನೆಲೆಯ ಕಟ್ಟಿನಿಂದ ಕೆಂಜಿಗ ಇರುವೆಯೊಂದು ಹೊರಬಂದು ಬೆರಳು ಕಚ್ಚಿತು. ಹೊಸಕಿ ಹಾಕಿದೆ. ನೀವೂ ಕಚ್ಚಿಸಿಕೊಂಡಿದ್ದರೆ ಆ ಹುಳಿ ವಾಸನೆ ಗೊತ್ತಿರುತ್ತದೆ. ನನಗೆ ಅದರಿಂದ ನೆನಪಾಗುವವರು ಅಪ್ಪ.

ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಅಪ್ಪ ಕೂಗಾಡಿಕೊಂಡೇ ಬದುಕಿದವರು. ಕಾರ್ಖಾನೆಯ ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿದ ಗಂಟಲು ಅದು; ಮನೆಗೆ ಬಂದರೂ ತಗ್ಗುತ್ತಿರಲಿಲ್ಲ. ಸಿಟ್ಟಾದರೆ ಬೀದಿಕೊನೆಯ ಅಂಗಡಿಯವರಿಗೂ ತಿಳಿಯುತ್ತಿತ್ತು. ನಾನಂತೂ ಗೇಟಿನ ಸದ್ದಾದೊಡನೆ ಪುಸ್ತಕ ಹಿಡಿಯುತ್ತಿದ್ದೆ, ಎಷ್ಟೋ ಸಲ ತಲೆಕೆಳಗಾಗಿ. ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ಧ್ವನಿ ಹೋಯಿತು.

ಮನೆ ತಣ್ಣಗಾಯಿತು. ಯಾರಾದರೂ ಬಂದರೆ ಅಪ್ಪ ಒಳಗೆ ಹೋಗಿ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಹವಾ ಬದಲಾಗಲೆಂದು ಅವರನ್ನು ಬನ್ನೇರುಘಟ್ಟದ ಕಾಡಂಚಿನಲ್ಲಿದ್ದ ಸೋದರಮಾವನ ಮನೆಗೆ ಕರೆದೊಯ್ದೆವು.

ಅಲ್ಲಿ ಒಂದು ಬೆಳಿಗ್ಗೆ ನಾನು, ಅಮ್ಮ, ಅಪ್ಪ ಕಾಡುದಾರಿಯಲ್ಲಿ ನಡೆಯುತ್ತಿದ್ದಾಗ ಅಪ್ಪ ನಿಂತರು. ಮರದ ಎಲೆಗಳನ್ನು ಹೆಣೆದು ಕೆಂಜಿಗಗಳು ಗೂಡು ಕಟ್ಟಿದ್ದವು. ಅಪ್ಪ ಕೋಲಿನಿಂದ ಕೊಂಬೆ ಮುಟ್ಟಿದ್ದೇ ತಡ, ದಂಡೇ ಹೊರಬಂತು. ಕಚ್ಚಿ, ಕಚ್ಚಿದ ಜಾಗಕ್ಕೆ ಹುಳಿ ಸಿಡಿಸುವುದು ಅವುಗಳ ವರಸೆ. ಪಕ್ಕದ ಪೊದೆಯಲ್ಲಿ ಒಂದು ಕಡ್ಡಿಹುಳು ಇತ್ತು. ಮುಟ್ಟಿದರೂ ಅದು ಓಡಲಿಲ್ಲ, ಕಚ್ಚಲಿಲ್ಲ; ಕಾಲು ಚಾಚಿ ಒಣಕಡ್ಡಿಯಂತೆ ಬಿದ್ದುಕೊಂಡಿತು. ಹಕ್ಕಿ ಬಂದರೂ ಅದರ ಉಪಾಯ ಅಷ್ಟೇ, ಇದ್ದೂ ಇಲ್ಲದಂತಿರುವುದು.

ಅಪ್ಪ ಕೆಂಜಿಗ ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಕೈಯನ್ನು ಹಿಂದಕ್ಕೆ ಬೀಸಿದರು: ಆಗ. ಆಮೇಲೆ ಕಡ್ಡಿಹುಳು ತೋರಿಸಿ ಮತ್ತೆ ಎದೆ ಮುಟ್ಟಿಕೊಂಡರು: ಈಗ. ಅವರ ಕಣ್ಣು ತುಂಬಿತ್ತು.

ಎಂದೂ ಎದುರಾಡದ ಅಮ್ಮ ಹೇಳಿದಳು, "ಅದು ಯಾರಾದ್ರೂ ತಿಂದ್ಬಿಡ್ತಾರೆ ಅಂತ ಹಾಗೆ ಬಿದ್ದಿರೋದು. ನಿಮ್ಮನ್ನ ಯಾರು ತಿಂತಾರೆ? ಇರೋದು ನಾವೇ ತಾನೆ. ಬನ್ನಿ, ಬಿಸಿಲೇರ್ತಿದೆ."

ಬೆಂಗಳೂರಿಗೆ ಮರಳಿದ ಮೇಲೆ ಅಪ್ಪ ಬೀದಿಬಾಗಿಲಲ್ಲಿ ಕೂರತೊಡಗಿದರು. ತರಕಾರಿ ಗಾಡಿಯವನೊಡನೆ ಬೆರಳಲ್ಲೇ ಚೌಕಾಸಿ ಮಾಡಿದರು. ಹಾಗೆಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿ, ಹೋದ ವರ್ಷ ತೀರಿಕೊಂಡರು.

ಮಾರುಕಟ್ಟೆಯಿಂದ ಬಂದು ಅಮ್ಮನಿಗೆ ಇದನ್ನೆಲ್ಲ ನೆನಪಿಸಿದೆ. ಅಪ್ಪನ ಮೌನದಿಂದ ಅವಳಿಗಾದರೂ ನೆಮ್ಮದಿ ಸಿಕ್ಕಿತ್ತೆಂದು ನಾನು ತಿಳಿದಿದ್ದೆ.

"ಅವರ ದನಿ ಹೇಗಿತ್ತು ಅಂತಾನೇ ಮರ್ತೋಗ್ತಿದೆ ಕಣೆ," ಅಂದಳು ಅಮ್ಮ. "ನಿಂಗೆ ನೆನಪಿದ್ಯಾ?"

ನಾನು ಗಂಟಲು ದಪ್ಪ ಮಾಡಿಕೊಂಡು, ಅಪ್ಪ ಕೂಗುತ್ತಿದ್ದಂತೆಯೇ ಅಮ್ಮನ ಹೆಸರು ಹಿಡಿದು ಕೂಗಿದೆ.

ಅಮ್ಮ ಕಣ್ಣು ಮುಚ್ಚಿಕೊಂಡಳು.

"ಇನ್ನೂ ಸ್ವಲ್ಪ ಜೋರಾಗಿ," ಅಂದಳು.