ಕಲ್ಲಯ್ಯನ ಹೊಲದಲ್ಲಿ ಶಗುಫ್ತಾಳ ಬೆಂಕಿ

ವಾರವಿಡೀ ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನಿನ ಮುಂದೆ ನಿಲ್ಲುವ ಶಗುಫ್ತಾಳಿಗೆ ಭಾನುವಾರ ಹತ್ತಿರ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಓಣಿಯ ಹುಡುಗಿಯರನ್ನು ಕಟ್ಟಿಕೊಂಡು ಖಾನಾಪುರದ ಕಡೆ ಗುಡ್ಡ ಸುತ್ತುವುದೇ ಅವಳ ಹಬ್ಬ. ಮನೆಯಲ್ಲಿ ಅಮ್ಮಿ ಎಷ್ಟು ಗೊಣಗಿದರೂ ಅಷ್ಟೇ.

ಈ ಸಲದ್ದಂತೂ ಬೇರೆಯೇ. ಮೊದಲ ಬಾರಿ ಡೇರೆ ಹಾಕಿ ತಂಗುವುದು, ಮೊದಲ ಬಾರಿ ಬೆಂಕಿ! ನಾಲ್ಕಾರು ರೈತರು ಆಗಲ್ಲ ಎಂದ ಮೇಲೆ ಬೀಡಿ ಎಂಬ ಊರಿನ ಕಲ್ಲಯ್ಯ ತನ್ನ ಹೊಲ ಕೊಡಲು ಒಪ್ಪಿದ್ದ. ಆದರೆ ಬಣವೆಯತ್ತ ಬೆರಳು ತೋರಿಸಿ ಹೇಳಿಯೇ ಬಿಟ್ಟಿದ್ದ:

"ನೋಡ ತಂಗಿ, ವರ್ಷದ ಮೇವು ಐತಿ ಅಲ್ಲಿ. ಬೆಂಕಿ ಪೂರ್ತಿ ಆರಿಸಿದ್ರ ಮತ್ತ ಬರ್ರಿ. ಒಂದ ಕೆಂಡ ಉಳೀತಂದ್ರ ಇತ್ತಾಗ ಹಾಯಬ್ಯಾಡ್ರಿ."

ಶಗುಫ್ತಾ ಬಣವೆಯಿಂದ ದೂರ, ಮೇಲೆ ಕೊಂಬೆಯಿಲ್ಲದ ಜಾಗ ಹುಡುಕಿದಳು. ಹುಡುಗಿಯರು ಒಣಹುಲ್ಲು ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿ ಸುತ್ತ ಕಲ್ಲು ಜೋಡಿಸಿದರು. ಹಳ್ಳದಿಂದ ಒದ್ದೆ ಕಲ್ಲು ಹೊತ್ತು ತಂದ ಗೆಳತಿ ಮಹೇಕಳಿಗೆ ಶಗುಫ್ತಾಳ ಬೈಗುಳವೂ ಬಿತ್ತು: "ಅದು ಕಾದ್ರ ಸಿಡೀತೈತಿ, ಒಗಿ ಅತ್ತಾಗ!" ನೀರಿನ ಕೊಡ ಬಂದ ಮೇಲೆಯೇ ಕಡ್ಡಿ ಗೀರಿದ್ದು. ಹೊತ್ತು ಮುಳುಗುವಾಗ ಒಣ ಪುರಳೆ ಕಡ್ಡಿ ಚಟಪಟ ಹೊತ್ತಿಕೊಂಡಿತು ನೋಡಿ, ಹುಡುಗಿಯರ ಕೇಕೆಗೆ ಕಲ್ಲಯ್ಯನ ಎತ್ತುಗಳೂ ಕಿವಿ ನಿಮಿರಿಸಿದವು. ಗೆಣಸು ಸುಟ್ಟರು, ಬಾಯಿ ಸುಟ್ಟುಕೊಂಡರು, ಗಂಟಲು ಕಟ್ಟುವಷ್ಟು ಹಾಡಿದರು.

ಎಲ್ಲ ಮುಗಿದು ಶಗುಫ್ತಾ ಕೊಡ ಎತ್ತಿಕೊಂಡು ಬರುವಷ್ಟರಲ್ಲಿ, ಕಲ್ಲಯ್ಯನ ಹೆಂಡತಿ ನಿಂಗವ್ವ ಕೆಂಡದ ಮೇಲೆ ಬೂದಿ ಎಳೆದು, ಮಣ್ಣು ಮುಚ್ಚಿ, ಕೈ ಕೊಡವಿಕೊಳ್ಳುತ್ತಿದ್ದಳು. ಮನೆಯ ಒಲೆಯಲ್ಲಿ ದಿನವೂ ಹೀಗೆಯೇ ಮಾಡುವವಳು ಅವಳು.

"ಆತಲ್ಲ ಯವ್ವಾ. ಮುಂಜಾನಿ ಕೆದರಿದ್ರ ಚಹಾಕ್ಕ ಬೆಂಕಿ ತಯಾರ!"

ಅಂದರೆ ಮಣ್ಣಿನಡಿ ಕೆಂಡ ಆರಿಲ್ಲ, ಶಗುಫ್ತಾಳಿಗೆ ಹೊಳೆಯಿತು. ಗಾಳಿ ಬಣವೆಯತ್ತಲೇ ಬೀಸುತ್ತಿತ್ತು. ಹೊಲದ ಒಡತಿಯ ಕೆಲಸ ಕೆಡಿಸಿದರೆ ಅವಳಿಗೆ ಸಿಟ್ಟು. ಹಾಗೇ ಬಿಟ್ಟರೆ? ಬಿಡುವ ಮಾತೇ ಇಲ್ಲ!

"ಕಾಕೂ, ಒಲಿಗೆ ಗೋಡಿ ಇರತಾವ್ರಿ, ಇಲ್ಲಿ ಬರೇ ಗಾಳಿ" ಎನ್ನುತ್ತ ಕೋಲಿನಿಂದ ಕೆದರಿದಳು. ಒಳಗೆ ಕೆಂಡ ನಿಗಿನಿಗಿ ಕೆಂಪಾಗಿತ್ತು, ಕಿಡಿಯೊಂದು ಹಾರಿತು. ನಿಂಗವ್ವನ ಮುಖ ಬಿಗಿಯಿತು. ಕಲ್ಲಯ್ಯನೂ ಹತ್ತಿರ ಬಂದು ನಿಂತ. ಇನ್ನು ಈ ಹೊಲ ಕೈತಪ್ಪಿತು ಎಂದುಕೊಂಡರೂ ಶಗುಫ್ತಾ ಕೈ ನಿಲ್ಲಿಸಲಿಲ್ಲ. ನೀರು ಸುರಿದಳು, ಬುಸ್ಸೆಂದು ಹಬೆ ಎದ್ದಿತು. ಕಲಸಿದಳು, ಮತ್ತೆ ಸುರಿದಳು. ಅಂಗೈ ಸಮೀಪ ಹಿಡಿದು, ಬಿಸಿ ಇಲ್ಲವೆಂದು ಖಾತ್ರಿಯಾದ ಮೇಲೆ ಬೂದಿಯೊಳಗೇ ಬೆರಳಿಟ್ಟಳು. ತಣ್ಣಗಿತ್ತು!

ಕಲ್ಲಯ್ಯನೂ ಕುಕ್ಕರಗಾಲಲ್ಲಿ ಕೂತು ತಡವಿದ. ಆಮೇಲೆ ಹೆಂಡತಿಯನ್ನು ಕರೆದ. "ಬಾ ಇಲ್ಲಿ, ಮುಟ್ಟಿ ನೋಡ."

ನಿಂಗವ್ವ ಮುಟ್ಟಿದಳು. ಬಣವೆಯತ್ತ ಒಮ್ಮೆ ನೋಡಿದಳು.

"ಮುಂದಿನ ಸಲ ರೊಟ್ಟಿ ಕಟಗೊಂಡ ಬರಬ್ಯಾಡ್ರಿ" ಎಂದಳು. "ನಾನ ಬಿಸಿ ರೊಟ್ಟಿ ಬಡೀತೇನಿ."

ಶಗುಫ್ತಾ ಬೂದಿಗೈಯಲ್ಲೇ ಅವಳನ್ನು ತಬ್ಬಿಕೊಂಡಳು.